ಮೂರು ಕ್ಯಾಲ್ಕುಲೇಟರ್, ಮೂರು ಉತ್ತರ: ನಮ್ಮ ಮನೆಯ ಇಂಗಾಲದ ಲೆಕ್ಕ ಯಾವುದು ಸರಿ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಶಾಲೆಯಲ್ಲಿ ಹವಾಮಾನ ಬದಲಾವಣೆಯ ಪಾಠ ಆದಾಗಿನಿಂದ ರಾತ್ರಿ ಸರಿಯಾಗಿ ಮಲಗುತ್ತಿಲ್ಲ. "ಇನ್ನು ಕೆಲವೇ ವರ್ಷ ಅಂತೆ, ನಾನು ದೊಡ್ಡವಳಾಗುವಷ್ಟರಲ್ಲಿ ಭೂಮಿ ಇರುತ್ತಾ ಅಮ್ಮಾ?" ಎಂದು ಕೇಳುತ್ತಾಳೆ. ಅವಳಿಗೆ ಉತ್ತರ ಕೊಡಲೆಂದು ನಾನೂ ಓದತೊಡಗಿದೆ. ಇಂಗಾಲದ ಹೆಜ್ಜೆಗುರುತು, ಅಂದರೆ ನಮ್ಮಿಂದ ವರ್ಷಕ್ಕೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುವ ಮೂರು ಕ್ಯಾಲ್ಕುಲೇಟರ್‌ಗಳಿಗೆ ನಮ್ಮ ಮನೆಯ ವಿವರ ತುಂಬಿದೆ. ಒಂದು 2.4 ಟನ್ ಎಂದಿತು, ಇನ್ನೊಂದು 5.1, ಮತ್ತೊಂದು 9. ಯಾವುದನ್ನು ನಂಬಲಿ? ಚಾರ್ಜರ್‌ಗಳನ್ನೆಲ್ಲ ಕಿತ್ತಿಡುತ್ತೇನೆ, ಪ್ಲಾಸ್ಟಿಕ್ ಚೀಲ ಬಿಟ್ಟಿದ್ದೇನೆ. ಕರೆಂಟ್ ಬಿಲ್ ಮಾತ್ರ ಇದ್ದಲ್ಲೇ ಇದೆ. ನಮ್ಮ ಯಜಮಾನರು "ಇದೆಲ್ಲ ಸೂರ್ಯನ ಆಟ, ಒಂದು ಜ್ವಾಲಾಮುಖಿ ಉಗುಳಿದರೆ ನಿನ್ನ ಲೆಕ್ಕವೆಲ್ಲ ಮುಗೀತು, ಒಬ್ಬರಿಂದ ಏನಾಗುತ್ತೆ?" ಎನ್ನುತ್ತಾರೆ. ಈಗಿರುವ ಪೆಟ್ರೋಲ್ ಕಾರು ಮಾರಿ ಎಲೆಕ್ಟ್ರಿಕ್ ಕೊಳ್ಳಬೇಕಾ? ಸೋಲಾರ್ ಹಾಕಿಸಬೇಕಾ? ನಾವು ಬಿಟ್ಟಷ್ಟನ್ನು ಬೇರೆ ಕಡೆ ಮರ ನೆಟ್ಟೋ ಕಾಡು ಉಳಿಸಿಯೋ ಸರಿದೂಗಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಟ್ಟು ಕಾರ್ಬನ್ ಕ್ರೆಡಿಟ್ ತಗೊಂಡರೆ ಸಾಕಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು ಇವೆ. ಆದರೆ ಚಿಂತೆ ಒಂದೇ: ಇಷ್ಟೆಲ್ಲ ಮಾಡುತ್ತಿದ್ದೇನೆ, ಇದು ಲೆಕ್ಕಕ್ಕೆ ಬರುತ್ತಿದೆಯಾ ಇಲ್ಲವಾ? ಮನೆ ಮತ್ತು ಕಚೇರಿಗಳ ಎನರ್ಜಿ ಆಡಿಟ್ ಮಾಡುವುದು, ಅಂದರೆ ಕರೆಂಟ್, ಇಂಧನ ಎಲ್ಲೆಲ್ಲಿ ಎಷ್ಟು ಹೋಗುತ್ತಿದೆ ಎಂದು ತಪಾಸಣೆ ಮಾಡುವುದು ನನ್ನ ಕೆಲಸ. ಈ ಚಿಂತೆಯನ್ನು ನಾನು ಹೋದ ಮನೆಯಲ್ಲೆಲ್ಲ ಕೇಳಿದ್ದೇನೆ. ಕಣ್ಣಿಗೆ ಕಾಣುವ ಚಿಕ್ಕ ಚಿಕ್ಕ ವಿಷಯಗಳ ಮೇಲೆ ದಿನವಿಡೀ ಶ್ರಮ ಹೋಗುತ್ತದೆ. ನಿಜವಾದ ಭಾರ ಕಣ್ಣಿಗೆ ಬೀಳದ ನಾಲ್ಕೈದು ಕಡೆ ಕೂತಿರುತ್ತದೆ.

ಮೊದಲು ಕ್ಯಾಲ್ಕುಲೇಟರ್ ವಿಷಯ. ಮೂರರಲ್ಲಿ ಯಾವುದೂ ಸುಳ್ಳು ಹೇಳಿರಲಿಕ್ಕಿಲ್ಲ. ಅವು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿವೆ ಅಷ್ಟೆ. ಒಂದು ಒಬ್ಬರ ಲೆಕ್ಕ ಹೇಳಿರಬಹುದು, ಇನ್ನೊಂದು ಇಡೀ ಮನೆಯದು. ಒಂದು ಕರೆಂಟ್, ಪೆಟ್ರೋಲ್, ಅಡುಗೆ ಗ್ಯಾಸ್ ಮಾತ್ರ ಎಣಿಸುತ್ತದೆ. ಇನ್ನೊಂದು ನೀವು ತಿನ್ನುವ ಊಟ, ಹಾಕುವ ಬಟ್ಟೆ, ಕೈಯಲ್ಲಿರುವ ಫೋನು ತಯಾರಾಗುವಾಗ ಆದ ಹೊರಸೂಸುವಿಕೆಯನ್ನೂ ಸೇರಿಸುತ್ತದೆ. ವಿಮಾನ ಪ್ರಯಾಣಕ್ಕೆ ಕೆಲವರು ಇಂಧನದ ಲೆಕ್ಕ ಮಾತ್ರ ಹಿಡಿಯುತ್ತಾರೆ. ಆಕಾಶದಲ್ಲಿ ವಿಮಾನ ಬಿಡುವ ಬಿಳಿ ಗೆರೆಗಳೂ ಶಾಖ ಹಿಡಿದಿಡುತ್ತವೆ ಎಂದು ಕೆಲವರು ಅದನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕರೆಂಟ್‌ನಲ್ಲಿ ಬರುತ್ತದೆ. ಕಲ್ಲಿದ್ದಲಿನಿಂದ ತಯಾರಾದ ಒಂದು ಯೂನಿಟ್‌ಗೆ ಸುಮಾರು 1 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಗಾಳಿ, ಬಿಸಿಲಿನಿಂದ ಬಂದ ಅದೇ ಯೂನಿಟ್‌ಗೆ, ಯಂತ್ರ ತಯಾರಿಸಿದ್ದನ್ನೂ ಸೇರಿಸಿದರೆ, ಹತ್ತಾರು ಗ್ರಾಂ ಅಷ್ಟೆ. ಕ್ಯಾಲ್ಕುಲೇಟರ್ ಬೇರೆ ಯಾವುದೋ ದೇಶದ ಕರೆಂಟ್ ಎಂದುಕೊಂಡು ಲೆಕ್ಕ ಹಾಕಿದ್ದರೆ ನಿಮ್ಮ ಉತ್ತರ ಎಲ್ಲಿಗೋ ಹೋಗುತ್ತದೆ.

ಹಾಗಾಗಿ ನನ್ನ ಸಲಹೆ: ಒಂದು ನೋಟ್‌ಬುಕ್ ತಗೊಳ್ಳಿ, ಲೆಕ್ಕ ನೀವೇ ಹಾಕಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ, ಡೀಸೆಲ್ ಆದರೆ 2.7 ಕೆಜಿ, ಒಂದು ಕೆಜಿ ಎಲ್‌ಪಿಜಿಗೆ 3 ಕೆಜಿ ಕಾರ್ಬನ್ ಡೈಆಕ್ಸೈಡ್. ಕರೆಂಟ್‌ಗೆ ನಿಮ್ಮ ಗ್ರಿಡ್‌ನ (ನಿಮಗೆ ಕರೆಂಟ್ ತರುವ ವಿದ್ಯುತ್ ಜಾಲದ) ಸರಾಸರಿ ಅಂಕಿಯನ್ನೇ, ಅಂದರೆ ಒಂದು ಯೂನಿಟ್‌ಗೆ ಎಷ್ಟು ಕೆಜಿ ಎಂಬುದನ್ನು, ಹುಡುಕಿ ಹಾಕಿ. ಬಹುತೇಕ ದೇಶಗಳಲ್ಲಿ ಅದನ್ನು ಪ್ರಕಟಿಸುತ್ತಾರೆ. ಇಲ್ಲಿ ಎಲ್ಲರೂ ಕೇಳುವ ಒಂದು ಪ್ರಶ್ನೆ ಇದೆ. ಲೀಟರ್ ಪೆಟ್ರೋಲ್ ತೂಗುವುದೇ ಮುಕ್ಕಾಲು ಕೆಜಿ, ಅದರಿಂದ 2.3 ಕೆಜಿ ಹೇಗೆ ಬರುತ್ತದೆ? ಪೆಟ್ರೋಲ್‌ನ ತೂಕದಲ್ಲಿ ಹೆಚ್ಚಿನದು ಇಂಗಾಲ. ಉರಿಯುವಾಗ ಅದಕ್ಕೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ. 12 ಗ್ರಾಂ ಇಂಗಾಲ 44 ಗ್ರಾಂ ಅನಿಲವಾಗುತ್ತದೆ. ಮಿಕ್ಕ ತೂಕವೆಲ್ಲ ಗಾಳಿಯಿಂದಲೇ ಬಂದದ್ದು. ಹೋಲಿಕೆಗೆ ಬೇಕಿದ್ದರೆ, ಜಗತ್ತಿನ ಸರಾಸರಿ ಒಬ್ಬರಿಗೆ ವರ್ಷಕ್ಕೆ 4.7 ಟನ್ ಆಸುಪಾಸು ಇದೆ. ಆದರೆ ಆ ಅಂಕಿಗಿಂತ ನಿಮ್ಮದೇ ಹೋದ ವರ್ಷದ ಅಂಕಿ ಮುಖ್ಯ. ಅದು ಇಳಿಯುತ್ತಿದೆಯಾ ಎಂಬುದನ್ನಷ್ಟೇ ನೋಡಿ.

ಈಗ ನಿಮ್ಮ ಯಜಮಾನರ ಮಾತು. ಅವರ ಅನುಮಾನ ತಪ್ಪಲ್ಲ, ಕೇಳಲೇಬೇಕಾದ ಪ್ರಶ್ನೆಗಳು. ಜ್ವಾಲಾಮುಖಿಗಳಿಂದ ಕಾರ್ಬನ್ ಡೈಆಕ್ಸೈಡ್ ಬರುವುದು ನಿಜ. ಆದರೆ ಎಲ್ಲ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಬಿಡುವುದು ಮನುಷ್ಯರು ಬಿಡುವುದರ 1%ಗಿಂತ ಕಡಿಮೆ. ಈ ಅನಿಲದ ಅತಿ ಹೆಸರಾದ ಅಳತೆ ನಡೆಯುತ್ತಿರುವುದೇ ಒಂದು ಜ್ವಾಲಾಮುಖಿಯ ಮೇಲೆ, ಹವಾಯಿ ದ್ವೀಪದ ಮೌನಾ ಲೋವಾದಲ್ಲಿ. ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಅಲ್ಲಿ ಶುರು ಮಾಡಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ 315 ಭಾಗ ಇತ್ತು. ಈಗ 420 ದಾಟಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಸುಮಾರು 280 ಇತ್ತು. ಬೆಟ್ಟದ ಬಾಯಿಂದ ಗಾಳಿ ಬೀಸಿದ ಹೊತ್ತಿನ ಅಂಕಿಗಳನ್ನು ಅಲ್ಲಿ ಅಳೆಯುವವರು ಬೇರೆ ತೆಗೆದಿಡುತ್ತಾರೆ. ಜ್ವಾಲಾಮುಖಿಯ ಸುಳಿವೇ ಇಲ್ಲದ ದಕ್ಷಿಣ ಧ್ರುವದಲ್ಲಿ ಅಳೆದರೂ ಏರಿಕೆ ಅಷ್ಟೇ ಇದೆ.

ಇನ್ನೂ ಗಟ್ಟಿ ಸಾಕ್ಷಿ ಇಂಗಾಲದ ಒಳಗೇ ಇದೆ. ಇಂಗಾಲದ ಪರಮಾಣುಗಳಲ್ಲಿ ಹಗುರ, ಭಾರ ಎಂಬ ಬಗೆಗಳಿವೆ. ಗಿಡಗಳು ಹಗುರ ಇಂಗಾಲವನ್ನು ಸ್ವಲ್ಪ ಜಾಸ್ತಿ ಹೀರುತ್ತವೆ. ಕಲ್ಲಿದ್ದಲು, ತೈಲ ಎಲ್ಲವೂ ಹಿಂದೊಮ್ಮೆ ಗಿಡ, ಪಾಚಿ ಆಗಿದ್ದವೇ ಅಲ್ವಾ? ಹಾಗಾಗಿ ಅವುಗಳ ಹೊಗೆಯಲ್ಲಿ ಭಾರದ ಇಂಗಾಲ-13ರ ಪಾಲು ಕಡಿಮೆ. ಕೋಟ್ಯಂತರ ವರ್ಷ ಹಳೆಯದಾದ್ದರಿಂದ, ಕಾಲ ಕಳೆದಂತೆ ತಾನೇ ಕರಗಿಹೋಗುವ ಇಂಗಾಲ-14 ಎಂಬ ಬಗೆ ಉಳಿದೇ ಇಲ್ಲ. ಗಾಳಿಯಲ್ಲಿ ಈಗ ಈ ಎರಡರ ಪಾಲೂ ಇಳಿಯುತ್ತಿದೆ. ಹೊಗೆ ಎಲ್ಲಿಂದ ಬಂತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಸೂರ್ಯನ ವಿಷಯಕ್ಕೆ ಬಂದರೆ, ಬಿಸಿಲೇ ಜಾಸ್ತಿಯಾಗಿದ್ದರೆ ವಾತಾವರಣದ ಕೆಳಪದರ, ಮೇಲ್ಪದರ ಎರಡೂ ಬಿಸಿಯಾಗಬೇಕಿತ್ತು. ಆಗಿರುವುದು ಬೇರೆ: ಕೆಳಗೆ ಬಿಸಿ ಏರಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗಿದೆ. ಶಾಖ ಕೆಳಗೇ ಸಿಕ್ಕಿಕೊಂಡಿದೆ ಎಂದರ್ಥ. ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಹೀಗಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಮನಾಬೆಗೆ 2021ರಲ್ಲಿ ನೊಬೆಲ್ ಬಂತು.

"ಒಬ್ಬರಿಂದ ಏನಾಗುತ್ತೆ" ಎಂಬ ಮಾತಿನಲ್ಲಿ ಅರ್ಧ ನಿಜ ಇದೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. 2020ರಲ್ಲಿ ಜಗತ್ತೇ ಮನೆಯೊಳಗೆ ಕೂತಿತ್ತು. ವಿಮಾನಗಳು ಇಳಿದಿದ್ದವು, ರಸ್ತೆಗಳು ಖಾಲಿ. ಆದರೂ ಆ ವರ್ಷ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ಇಳಿದದ್ದು ಕೇವಲ 5%ನಷ್ಟು. ವಿದ್ಯುತ್ ಸ್ಥಾವರ, ಉಕ್ಕು, ಸಿಮೆಂಟ್ ನಡೆಯುತ್ತಲೇ ಇದ್ದವು. ಅಂದರೆ ನಾವೆಲ್ಲ ಎಷ್ಟೇ ಬಿಗಿಹಿಡಿದು ಬದುಕಿದರೂ ಕರೆಂಟ್ ತಯಾರಾಗುವ ರೀತಿ ಬದಲಾಗದೆ ಇದು ಮುಗಿಯುವುದಿಲ್ಲ. "ಕಾರ್ಬನ್ ಫುಟ್‌ಪ್ರಿಂಟ್" ಎಂಬ ಮಾತನ್ನು ಮನೆಮಾತಾಗಿಸಿದ್ದರಲ್ಲಿ ತೈಲ ಕಂಪನಿ ಬಿಪಿಯ ಪಾತ್ರ ದೊಡ್ಡದು. 2004ರ ಹೊತ್ತಿಗೆ ಅದು ತನ್ನದೇ ಕ್ಯಾಲ್ಕುಲೇಟರ್ ಬಿಟ್ಟು ದೊಡ್ಡ ಜಾಹೀರಾತು ಮಾಡಿತು. ತೈಲ ಮಾರುವವರೇ "ನಿಮ್ಮ ತಪ್ಪೆಷ್ಟು ನೋಡಿಕೊಳ್ಳಿ" ಎಂದು ಕೇಳಿದ್ದು ನನಗೆ ಇವತ್ತಿಗೂ ನೋವಾಗುವ ವಿಷಯ. ನಿಮ್ಮಂಥವರು ರಾತ್ರಿ ಚಾರ್ಜರ್ ಕಿತ್ತಿಡುತ್ತಾ ಕೊರಗುವುದಕ್ಕೆ ಅದೂ ಒಂದು ಕಾರಣ.

ಉಳಿದರ್ಧ ಏನು? ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2022ರ ವರದಿ ಹೀಗೆ ಹೇಳುತ್ತದೆ: ನಾವು ಓಡಾಡುವ, ತಿನ್ನುವ, ಮನೆ ಕಟ್ಟುವ ರೀತಿ ಬದಲಾದರೆ, ಅದಕ್ಕೆ ಬೇಕಾದ ವ್ಯವಸ್ಥೆಯೂ ಸಿಕ್ಕರೆ, ಆ ವಲಯಗಳ ಹೊರಸೂಸುವಿಕೆಯನ್ನು 2050ರೊಳಗೆ 40ರಿಂದ 70% ಇಳಿಸಬಹುದು. "ವ್ಯವಸ್ಥೆಯೂ ಸಿಕ್ಕರೆ" ಎಂಬುದನ್ನು ಗಮನಿಸಿ. ಬಸ್ಸೇ ಇಲ್ಲದ ಕಡೆ ಕಾರು ಬಿಡಿ ಎಂದರೆ ಆಗುವುದಿಲ್ಲ. ನಿಮ್ಮ ಕಚೇರಿಯ ಎಸಿಗಳು, ವಸತಿ ಸಂಘದ ನೀರಿನ ಪಂಪು, ಮಗಳ ಶಾಲೆಯ ಛಾವಣಿ, ಬಡಾವಣೆಗೆ ಬಸ್ಸು ಬೇಕೆಂಬ ಅರ್ಜಿ: ಇಲ್ಲೆಲ್ಲ ನಿಮ್ಮ ಒಂದು ಮಾತು ಮನೆಯ ನೂರು ಚಾರ್ಜರ್‌ಗಿಂತ ದೊಡ್ಡದು.

ಚಾರ್ಜರ್ ಎಂದೆನಲ್ಲ, ಅದರ ಲೆಕ್ಕ ನೋಡಿ. ಫೋನನ್ನು ದಿನವೂ ಪೂರ್ತಿ ಚಾರ್ಜ್ ಮಾಡಿದರೂ ವರ್ಷಕ್ಕೆ 7 ಯೂನಿಟ್ ಆಸುಪಾಸು. ಸುಮ್ನೆ ಗೋಡೆಯಲ್ಲಿ ಬಿಟ್ಟ ಹೊಸ ಚಾರ್ಜರ್ ವರ್ಷಕ್ಕೆ ಒಂದೆರಡು ಯೂನಿಟ್ ತಿಂದರೆ ಹೆಚ್ಚು. ಒಂದೂವರೆ ಟನ್ನಿನ ಎಸಿ ಜೋರಾಗಿ ಓಡುವಾಗ ಗಂಟೆಗೆ ಒಂದೂವರೆ ಯೂನಿಟ್ ಎಳೆಯುತ್ತದೆ. ಅಂದರೆ ನಿಮ್ಮ ಫೋನಿನ ಇಡೀ ವರ್ಷದ ಕರೆಂಟ್ ಒಂದು ಮಧ್ಯಾಹ್ನದ ಎಸಿಗೆ ಸಮ. 20 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು 0.7 ಯೂನಿಟ್ ಬೇಕು. ಅಷ್ಟರಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬನ್ನು ಮೂರು ದಿನ, ಹಗಲು ರಾತ್ರಿ ಉರಿಸಬಹುದು. ಬಿಲ್ ಯಾಕೆ ಇದ್ದಲ್ಲೇ ಇದೆ ಎಂದು ಕೇಳಿದಿರಲ್ಲ, ಕಾರಣ ಇದು. ಬಿಸಿ ಮಾಡುವುದು, ತಂಪು ಮಾಡುವುದು, ಓಡಾಡುವುದು: ಭಾರ ಇರುವುದು ಈ ಮೂರರಲ್ಲಿ. ಬೆಳಕು, ಫೋನು, ಟಿವಿ ಇವೆಲ್ಲ ಆಮೇಲೆ.

ಎಸಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇದನ್ನು ಯಾವ ಕ್ಯಾಲ್ಕುಲೇಟರ್ ಕೂಡ ಸರಿಯಾಗಿ ಕೇಳುವುದಿಲ್ಲ. ಕೆಲಸದ ಮೊದಲ ವರ್ಷಗಳಲ್ಲಿ ನಾನೂ ಕೇಳುತ್ತಿರಲಿಲ್ಲ, ಯೂನಿಟ್ ಮಾತ್ರ ಎಣಿಸಿ ಬರುತ್ತಿದ್ದೆ. ಅನೇಕ ಮನೆಗಳಲ್ಲಿ "ಪ್ರತಿ ವರ್ಷ ಎಸಿಗೆ ಗ್ಯಾಸ್ ಹಾಕಿಸುತ್ತೇವೆ" ಎಂದು ಹೆಮ್ಮೆಯಿಂದ ಹೇಳುತ್ತಾರೆ, ಗಾಡಿಗೆ ಆಯಿಲ್ ಬದಲಿಸಿದ ಹಾಗೆ. ಎಸಿಯೊಳಗಿನ ಗ್ಯಾಸ್ ಇಂಧನ ಅಲ್ಲ. ಎಸಿ ಓಡುವಾಗ ಅದು ಉರಿದು ಖರ್ಚಾಗುವುದಿಲ್ಲ, ಸವೆಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದ್ದು ಎಲ್ಲಿಗೆ ಹೋಯಿತು? ಗಾಳಿಗೆ. ಆರ್-410ಎ ಎಂಬ ಗ್ಯಾಸ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಅರ್ಧ ಕೆಜಿ ಸೋರಿದರೆ ಒಂದು ಟನ್‌ಗೆ ಸಮ. ಅಂದರೆ 430 ಲೀಟರ್‌ಗೂ ಹೆಚ್ಚು ಪೆಟ್ರೋಲ್ ಸುಟ್ಟ ಹಾಗೆ. ವರ್ಷವಿಡೀ ಚಾರ್ಜರ್ ಕಿತ್ತಿಟ್ಟು ಉಳಿಸಿದ್ದನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಾಗಿ ಮುಂದಿನ ಸಲ ತಂತ್ರಜ್ಞ "ಗ್ಯಾಸ್ ಕಮ್ಮಿ ಇದೆ, ತುಂಬಿಬಿಡುತ್ತೇನೆ" ಎಂದರೆ ಒಪ್ಪಬೇಡಿ. ಮೊದಲು ನೈಟ್ರೋಜನ್ ಒತ್ತಡ ಕೊಟ್ಟು ಸೋರಿಕೆ ಹುಡುಕಲಿ, ಅದನ್ನು ಮುಚ್ಚಲಿ, ವ್ಯಾಕ್ಯೂಮ್ ಎಳೆಯಲಿ, ಆಮೇಲೆ ಗ್ಯಾಸನ್ನು ತೂಕ ಮಾಡಿ ಹಾಕಲಿ. ಹಳೆಯ ಎಸಿ, ಫ್ರಿಡ್ಜ್ ಬಿಸಾಡುವಾಗ ಗ್ಯಾಸನ್ನು ಸಿಲಿಂಡರ್‌ಗೆ ಎಳೆದುಕೊಳ್ಳುವವರಿಗೇ ಕೊಡಿ. ಪೈಪ್ ಕತ್ತರಿಸಿ ಬುಸ್ ಎಂದು ಬಿಡುವವರಿಗೆ ಕೊಡಬೇಡಿ. ಹೊಸದು ಕೊಳ್ಳುವುದಾದರೆ ಹಿಂದೆ ಅಂಟಿಸಿರುವ ಚೀಟಿ ಓದಿ. ಆರ್-32 ಇದ್ದರೆ 675 ಪಟ್ಟು, ಆರ್-290 ಎಂದರೆ ಪ್ರೊಪೇನ್, ಅದರ ಪ್ರಭಾವ ತೀರಾ ಸಣ್ಣದು. ಅಪಾಯವನ್ನೂ ಹೇಳಬೇಕು: ಪ್ರೊಪೇನ್ ಬೆಂಕಿ ಹಿಡಿಯುವ ಅನಿಲ, ಆರ್-32ಗೂ ಸ್ವಲ್ಪ ಆ ಗುಣ ಇದೆ. ಅವುಗಳಲ್ಲಿ ತರಬೇತಿ ಪಡೆದವರಿಂದಲೇ ಕೂರಿಸಿ, ರಿಪೇರಿ ಮಾಡಿಸಿ.

ನಿಮ್ಮ ಮಗಳ ಪಾಠದಲ್ಲಿ ಓಝೋನ್ ರಂಧ್ರವೂ ಬಂದಿರುತ್ತದೆ. ಬಹಳ ಮಂದಿ ಆ ರಂಧ್ರದಿಂದ ಬಿಸಿಲು ಒಳಗೆ ಬಂದು ಭೂಮಿ ಬಿಸಿಯಾಗುತ್ತಿದೆ ಎಂದುಕೊಂಡಿದ್ದಾರೆ. ಅದು ಬೇರೆ ಸಮಸ್ಯೆ. ಎರಡನ್ನೂ ಜೋಡಿಸುವ ಕೊಂಡಿ ಇದೇ ಎಸಿ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಝೋನ್ ತಿನ್ನುವ ಗ್ಯಾಸ್‌ಗಳು ಹಂತ ಹಂತವಾಗಿ ಹೋಗತೊಡಗಿದವು. ಬದಲಿಗೆ ಬಂದವು ಓಝೋನ್‌ಗೆ ತೊಂದರೆ ಕೊಡುವುದಿಲ್ಲ, ಆದರೆ ಶಾಖ ಹಿಡಿಯುತ್ತವೆ. ಅವನ್ನೂ ಇಳಿಸಬೇಕು ಎಂದು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು. ಓಝೋನ್ ಪದರ ಈಗ ನಿಧಾನಕ್ಕೆ ಸುಧಾರಿಸುತ್ತಿದೆ. ಇದನ್ನು ಅವಳಿಗೆ ತಪ್ಪದೆ ಹೇಳಿ.

ಕಾರಿನ ಪ್ರಶ್ನೆಗೆ ಹೌದು, ಇಲ್ಲ ಎಂಬ ಉತ್ತರ ಇಲ್ಲ. ನೀವು ಎಷ್ಟು ಓಡಿಸುತ್ತೀರಿ, ನಿಮ್ಮ ಕರೆಂಟ್ ಎಲ್ಲಿಂದ ಬರುತ್ತದೆ ಎಂಬುದರ ಮೇಲಿದೆ. ಲೀಟರ್‌ಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು ಕಿಲೋಮೀಟರ್‌ಗೆ ಸುಮಾರು 150 ಗ್ರಾಂ ಬಿಡುತ್ತದೆ. ಎಲೆಕ್ಟ್ರಿಕ್ ಕಾರಿಗೆ ಕಿಲೋಮೀಟರ್‌ಗೆ 0.15 ಯೂನಿಟ್ ಎಂದಿಟ್ಟುಕೊಳ್ಳಿ. ಯೂನಿಟ್‌ಗೆ 0.7 ಕೆಜಿ ಬಿಡುವ, ಕಲ್ಲಿದ್ದಲೇ ಹೆಚ್ಚಿರುವ ಗ್ರಿಡ್ ಆದರೆ 105 ಗ್ರಾಂ. ಉಳಿತಾಯ 45 ಗ್ರಾಂ ಮಾತ್ರ. ಅತ್ತ 40 ಯೂನಿಟ್ ಹಿಡಿಯುವ ಬ್ಯಾಟರಿ ತಯಾರಿಸುವಾಗ ಸುಮಾರು 3 ಟನ್ ಹೋಗಿರುತ್ತದೆ. ಆ ಸಾಲ ತೀರಲು ಸುಮಾರು 67,000 ಕಿಲೋಮೀಟರ್ ಓಡಬೇಕು. ಯೂನಿಟ್‌ಗೆ 0.2 ಕೆಜಿಯ ಗ್ರಿಡ್ ಆದರೆ 25,000 ಕಿಲೋಮೀಟರ್ ಸಾಕು. ವರ್ಷಕ್ಕೆ 5,000 ಕಿಲೋಮೀಟರ್ ಓಡಿಸುವವರು ಚೆನ್ನಾಗಿರುವ ಕಾರನ್ನು ಅವಸರದಲ್ಲಿ ಮಾರಬೇಕಿಲ್ಲ. ಅದನ್ನೇ ಕಮ್ಮಿ ಓಡಿಸಿ, ಟೈರ್ ಗಾಳಿ ಸರಿ ಇಟ್ಟುಕೊಳ್ಳಿ, ಅದು ಹಳತಾದ ದಿನ ಎಲೆಕ್ಟ್ರಿಕ್ ನೋಡಿ. ದಿನವೂ ನೂರು ಕಿಲೋಮೀಟರ್ ಓಡುವವರ ಲೆಕ್ಕ ಪೂರ್ತಿ ಬೇರೆ, ಅವರು ತಡ ಮಾಡಬಾರದು. ಸ್ಕೂಟರ್ ವಿಷಯದಲ್ಲಂತೂ ನನಗೆ ಅನುಮಾನವೇ ಇಲ್ಲ. ಬ್ಯಾಟರಿ ಚಿಕ್ಕದು, ಸಾಲ ಬೇಗ ತೀರುತ್ತದೆ. ಇವೆಲ್ಲಕ್ಕಿಂತ ಮೇಲಿರುವುದು ತುಂಬಿದ ಬಸ್ಸು, ರೈಲು. ವಿಮಾನದಲ್ಲಿ 2,000 ಕಿಲೋಮೀಟರ್ ಹೋಗಿ ಬಂದರೆ ಒಬ್ಬರಿಗೆ ಅರ್ಧ ಟನ್ ಆಸುಪಾಸು. ವರ್ಷಕ್ಕೊಂದು ಪ್ರಯಾಣ ಬಿಟ್ಟರೆ ಎಷ್ಟೋ ತಿಂಗಳ ಕರೆಂಟ್ ಉಳಿಸಿದಂತೆ.

ಸೋಲಾರ್ ಹಾಕಿಸಿ ಎಂದೇ ಹೇಳುತ್ತೇನೆ, ಒಂದು ಶರತ್ತಿನ ಮೇಲೆ. ಮೊದಲು ಬಳಕೆ ಇಳಿಸಿ, ಆಮೇಲೆ ಎಷ್ಟು ಕಿಲೋವಾಟ್ ಬೇಕು ಎಂದು ನೋಡಿ. ಒಳ್ಳೆಯ ಬಿಸಿಲಿರುವ ಕಡೆ 1 ಕಿಲೋವಾಟ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ಪ್ಯಾನೆಲ್ ತಯಾರಿಸಲು ಹೋದ ಶಕ್ತಿ ಒಂದೆರಡು ವರ್ಷದಲ್ಲಿ ವಾಪಸ್ ಬರುತ್ತದೆ, ಅದು 25 ವರ್ಷ ದುಡಿಯುತ್ತದೆ. ಇನ್ವರ್ಟರ್ ಮಾತ್ರ ಹತ್ತು ವರ್ಷದ ಆಸುಪಾಸಿನಲ್ಲಿ ಬದಲಿಸಬೇಕಾಗಬಹುದು. ಮಾರುವವರು ಮರೆಯುವ ಎರಡು ವಿಷಯ ಇವೆ. ನೀರಿನ ತೊಟ್ಟಿಯ ನೆರಳು ಒಂದು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಅದೇ ಸಾಲಿನ ಉಳಿದವುಗಳ ಉತ್ಪಾದನೆ ಕುಸಿಯಬಹುದು. ಇನ್ನು, ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರ ಜೀವ ಉಳಿಯಲಿ ಎಂದು ಹಾಗೆ ಮಾಡಿರುತ್ತಾರೆ. ತಿಳಿಯದೆ ಹಾಕಿಸಿ, ಮೋಸ ಹೋದೆ ಎಂದು ಬೇಸರ ಮಾಡಿಕೊಂಡವರನ್ನು ನೋಡಿದ್ದೇನೆ.

ಪ್ಲಾಸ್ಟಿಕ್ ಚೀಲ ಬಿಟ್ಟಿದ್ದೀರಿ, ಒಳ್ಳೆಯದು. ಚರಂಡಿಗೆ, ಪ್ರಾಣಿಗಳಿಗೆ, ಸಮುದ್ರಕ್ಕೆ ಅದು ನಿಜವಾದ ಉಪಕಾರ. ಇಂಗಾಲದ ಲೆಕ್ಕದಲ್ಲಿ ಮಾತ್ರ ತೀರಾ ಸಣ್ಣದು. ಬಟ್ಟೆ ಚೀಲವನ್ನು ಐವತ್ತು, ನೂರು ಸಲ ಬಳಸಿದರೆ ಮಾತ್ರ ಸರಿಹೋಗುತ್ತದೆ. ಊಟದಲ್ಲಿ ದೊಡ್ಡದು ಎರಡೇ. ಒಂದು, ಮೆಲುಕು ಹಾಕುವ ಪ್ರಾಣಿಗಳ ಮಾಂಸ, ಅವುಗಳ ಹೊಟ್ಟೆಯಿಂದ ಬರುವ ಮೀಥೇನ್ ಎಂಬ, ಶಾಖ ಹಿಡಿಯುವ ಇನ್ನೊಂದು ಅನಿಲದ ಕಾರಣಕ್ಕೆ. ಇನ್ನೊಂದು, ಬಿಸಾಡುವ ಆಹಾರ. ಬೆಳೆದು, ಸಾಗಿಸಿ, ಬೇಯಿಸಿ ಎಸೆದದ್ದು ಕಸದ ಗುಡ್ಡದೊಳಗೆ ಗಾಳಿ ಇಲ್ಲದೆ ಕೊಳೆತು ಮತ್ತೆ ಮೀಥೇನ್ ಆಗುತ್ತದೆ.

ಕಾರ್ಬನ್ ಕ್ರೆಡಿಟ್ ಬಗ್ಗೆ ನೇರವಾಗಿ ಹೇಳುತ್ತೇನೆ, ನಿಮ್ಮಂಥ ಮನೆಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ. ನಿಮ್ಮ ದುಡ್ಡು ಬರದಿದ್ದರೂ ಆ ಕೆಲಸ ಹೇಗೂ ಆಗುತ್ತಿತ್ತೇ? ಇಲ್ಲಿ ಉಳಿಸಿದ ಕಾಡಿನ ಬದಲು ಪಕ್ಕದ ಕಾಡು ಕಡಿಯುತ್ತಾರಾ? ನೆಟ್ಟ ಮರ ನಲವತ್ತು ವರ್ಷ ನಿಲ್ಲುತ್ತದಾ? ಈ ಮೂರಕ್ಕೆ ಗಟ್ಟಿ ಉತ್ತರ ಕೊಡುವ ಕ್ರೆಡಿಟ್ ಕಡಿಮೆ. ಒಂದು ಬೆಳೆದ ಮರ ವರ್ಷಕ್ಕೆ ಹೀರುವುದು ಸ್ಥೂಲವಾಗಿ 20 ಕೆಜಿ. ವರ್ಷಕ್ಕೆ 10,000 ಕಿಲೋಮೀಟರ್ ಓಡುವ ಕಾರು ಒಂದೂವರೆ ಟನ್ ಬಿಡುತ್ತದೆ, ಅಂದರೆ 75 ಮರ. ಆ ಮರ ಬಿದ್ದರೆ, ಸುಟ್ಟರೆ ಹೀರಿದ್ದೆಲ್ಲ ವಾಪಸ್. ಮರ ನೆಡಿ, ನೆರಳಿಗೆ, ಹಕ್ಕಿಗೆ, ಬೀದಿ ತಂಪಾಗಲಿಕ್ಕೆ. ಪೆಟ್ರೋಲ್ ಲೆಕ್ಕ ಸರಿಮಾಡಲಿಕ್ಕೆ ಎಂದು ಬೇಡ. ಕ್ರೆಡಿಟ್‌ಗೆ ಇಟ್ಟ ದುಡ್ಡನ್ನು ಛಾವಣಿಯ ಮೇಲೆ ಬಿಳಿ ಬಣ್ಣ ಬಳಿಸಲು ಅಥವಾ ಬಿಸಿಲು ನುಗ್ಗುವ ಕಿಟಕಿಗೆ ಹೊರಗಿನಿಂದ ನೆರಳು ಮಾಡಿಸಲು ಹಾಕಿ.

ಕೊನೆಗೆ ನಿಮ್ಮ ಮಗಳು. "ಇನ್ನು ಕೆಲವೇ ವರ್ಷ" ಎಂಬ ಮಾತಿನ ಮೂಲ ಐಪಿಸಿಸಿಯ 2018ರ ವರದಿ. ಬಿಸಿಯೇರಿಕೆಯನ್ನು 1.5 ಡಿಗ್ರಿಗೆ ಹಿಡಿಯಬೇಕಾದರೆ 2030ರೊಳಗೆ ಹೊರಸೂಸುವಿಕೆ 2010ರ ಮಟ್ಟಕ್ಕಿಂತ ಸುಮಾರು 45% ಇಳಿಯಬೇಕು ಎಂದು ಅದು ಹೇಳಿತ್ತು. ಅದೇ ಬಾಯಿಂದ ಬಾಯಿಗೆ ಹೋಗಿ "ಆಮೇಲೆ ಭೂಮಿ ಮುಗೀತು" ಎಂದಾಯಿತು. ವರದಿಯಲ್ಲಿ ಹಾಗಿಲ್ಲ. ಭೂಮಿ ಇರುತ್ತದೆ, ಅವಳೂ ಇರುತ್ತಾಳೆ ಎಂದು ಧೈರ್ಯವಾಗಿ ಹೇಳಿ. ಆದರೆ ಏನೂ ಆಗುವುದಿಲ್ಲ ಎನ್ನಬೇಡಿ, ಅದು ಸುಳ್ಳು, ಅವಳಿಗೂ ಗೊತ್ತಾಗುತ್ತದೆ. 2024ರಲ್ಲಿ ಜಗತ್ತಿನ ಸರಾಸರಿ ತಾಪಮಾನ ಕಾರ್ಖಾನೆಗಳ ಯುಗಕ್ಕೆ ಮುಂಚೆ ಇದ್ದದ್ದಕ್ಕಿಂತ ಸುಮಾರು 1.5 ಡಿಗ್ರಿ ಹೆಚ್ಚಿತ್ತು. ಒಂದು ವರ್ಷದ ಅಂಕಿಯಿಂದ ಮಿತಿ ಮುರಿಯಿತು ಎನ್ನಲಾಗದು, ಅದಕ್ಕೆ ಹಲವು ವರ್ಷಗಳ ಸರಾಸರಿ ಬೇಕು. ಆದರೂ ಹತ್ತಿರ ಬಂದಿದ್ದೇವೆ. 1.5 ದಾಟಿದರೆ 1.6ರಲ್ಲಿ ನಿಲ್ಲಿಸಬೇಕು, ಅದೂ ದಾಟಿದರೆ 1.7ರಲ್ಲಿ. ಇದು ಬಂಡೆಯ ಅಂಚಲ್ಲ, ಇಳಿಜಾರು. ಎಲ್ಲಿ ಬೇಕಾದರೂ ಕಾಲೂರಿ ನಿಲ್ಲಬಹುದು. ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ನಿವ್ವಳ ಸೊನ್ನೆಗೆ, ಅಂದರೆ ಬಿಟ್ಟಷ್ಟನ್ನೂ ವಾಪಸ್ ಹೀರುವ ಮಟ್ಟಕ್ಕೆ ಬಂದರೆ ತಾಪಮಾನ ಏರುವುದು ಹೆಚ್ಚುಕಡಿಮೆ ನಿಲ್ಲುತ್ತದೆ ಎಂಬುದು ಈಗ ವಿಜ್ಞಾನಿಗಳ ಅಭಿಪ್ರಾಯ. ಈ ವಿಷಯವನ್ನು ಮಕ್ಕಳಿಗೆ ಯಾರೂ ಹೇಳುವುದೇ ಇಲ್ಲ.

ಅವಳ ಕೈಗೆ ಕೆಲಸ ಕೊಡಿ. ದಿನವೂ ಬೆಳಿಗ್ಗೆ, ರಾತ್ರಿ ಕರೆಂಟ್ ಮೀಟರ್ ಓದಿ ಬರೆಯಲಿ. ಮೊದಲ ಎರಡು ವಾರ ಮನೆಯಲ್ಲಿ ಏನೂ ಬದಲಿಸಬೇಡಿ, ಬರೆಯುವುದಷ್ಟೇ. ಮೂರನೇ ವಾರ ಗೀಸರ್ ಥರ್ಮೋಸ್ಟಾಟ್ ಸ್ವಲ್ಪ ಇಳಿಸಿ, 50 ಡಿಗ್ರಿಗಿಂತ ಕೆಳಗೆ ಬೇಡ, ಬೆಚ್ಚಗಿನ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಾಲ್ಕನೇ ವಾರ ಎಸಿಯನ್ನು ಎರಡು ಡಿಗ್ರಿ ಏರಿಸಿ, ಫ್ಯಾನ್ ಹಾಕಿ. ಯಾವ ವಾರ ಎಷ್ಟು ಇಳಿಯಿತು ಎಂದು ಅವಳೇ ಗ್ರಾಫ್ ಹಾಕಿ ಅಪ್ಪನಿಗೆ ತೋರಿಸಲಿ.